ಮೊದಲ ಗೇಮಿಂಗ್ ಪಿಸಿಗೆ ಮದರ್‌ಬೋರ್ಡ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಫಿಕ್ಸ್ ಕಾರ್ಡ್ ಯಾವುದು ತಗೊಳ್ಳಲಿ ಅಂತ ಎಲ್ಲರೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಎಲ್ಲ ಭಾಗಗಳೂ ಬಂದು ಸೇರುವ ಮದರ್‌ಬೋರ್ಡ್ ವಿಷಯ ಬಂದಾಗ ಮಾತ್ರ ‘ಯಾವುದಾದ್ರೂ ಒಂದು ಕೊಡಿ’ ಅಂತ ಅಂಗಡಿಯವರಿಗೇ ಬಿಟ್ಟುಬಿಡುತ್ತಾರೆ. ಆದರೆ ಒಂದು ಭಾಗ ಇನ್ನೊಂದಕ್ಕೆ ಹೊಂದದೆ ಮತ್ತೆ ಅಂಗಡಿಗೆ ಓಡುವ ಪರಿಸ್ಥಿತಿ ಬರುವುದು ಹೆಚ್ಚಾಗಿ ಬೋರ್ಡಿನಿಂದಲೇ. ಹೊಸಬರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮೊದಲು ಮದರ್‌ಬೋರ್ಡ್ ಆರಿಸಬೇಕಾ, ಪ್ರೊಸೆಸರ್ ಆರಿಸಬೇಕಾ?

ಪ್ರೊಸೆಸರ್. ಅದಕ್ಕೂ ಮುಂಚೆ ಗ್ರಾಫಿಕ್ಸ್ ಕಾರ್ಡಿಗೆ ಇಷ್ಟು ಅಂತ ಹಣ ಎತ್ತಿಡಿ. ಆಟ ಎಷ್ಟು ಸಲೀಸಾಗಿ ಓಡುತ್ತದೆ ಅನ್ನುವುದು ಕಾರ್ಡಿನ ಮೇಲೆ, ಆಮೇಲೆ ಪ್ರೊಸೆಸರಿನ ಮೇಲೆ ನಿಂತಿದೆ. ಬೋರ್ಡು ಎಫ್‌ಪಿಎಸ್ (ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಕೊಡುವುದಿಲ್ಲ. ರೈಜೆನ್ 5 7600 ಪ್ರೊಸೆಸರನ್ನು ಸಾಧಾರಣ ಬಿ650 ಬೋರ್ಡಿಗೆ ಹಾಕಿ ನೋಡಿ. ಅದನ್ನೇ ಅದರ ಎರಡು ಮೂರು ಪಟ್ಟು ಬೆಲೆಯ ಎಕ್ಸ್870ಇ ಬೋರ್ಡಿಗೂ ಹಾಕಿ ನೋಡಿ. ಆಟ ಆಡುವಾಗ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ. ದುಬಾರಿ ಬೋರ್ಡಿನಲ್ಲಿ ಸಿಗುವುದು ಜಾಸ್ತಿ ಯುಎಸ್‌ಬಿ ಪೋರ್ಟು, ಜಾಸ್ತಿ ಎಸ್‌ಎಸ್‌ಡಿ ಜಾಗ, ಗಟ್ಟಿ ವಿದ್ಯುತ್ ವ್ಯವಸ್ಥೆ, ಒಂದಿಷ್ಟು ಬಣ್ಣದ ದೀಪ.

ಹಾಗಾಗಿ ನನ್ನ ಸಲಹೆ ಇಷ್ಟೇ. ನಿಮಗೆ ಬೇಕಾದದ್ದು ಇರುವ ಬೋರ್ಡುಗಳ ಪೈಕಿ ಅಗ್ಗದ್ದನ್ನು ತಗೊಳ್ಳಿ. ಉಳಿದ ದುಡ್ಡು ಕಾರ್ಡಿಗೆ ಹೋಗಲಿ. ‘ಗೇಮಿಂಗ್’ ಅಂತ ಡಬ್ಬದ ಮೇಲೆ ಬರೆದಿದ್ದರೆ ಅದಕ್ಕೆ ಏನೂ ಬೆಲೆ ಕಟ್ಟಬೇಡಿ.

ಸಾಕೆಟ್ ಅಂದರೇನು? ಈಗ ಯಾವ ಯಾವ ಸಾಕೆಟ್ ಸಿಗುತ್ತವೆ?

ಪ್ರೊಸೆಸರ್ ಕೂರುವ ಚೌಕ ಜಾಗವೇ ಸಾಕೆಟ್. ಎಎಂಡಿ ಪ್ರೊಸೆಸರಿನದ್ದು ಬೇರೆ, ಇಂಟೆಲ್‌ನದ್ದು ಬೇರೆ. ಹೊಸ ಪಿಸಿ ಜೋಡಿಸುವವರ ಕಣ್ಣಿಗೆ ಬೀಳುವುದು ಮುಖ್ಯವಾಗಿ ನಾಲ್ಕು.

ಎಎಂಡಿಯಲ್ಲಿ ಹಳೆಯದು ಎಎಂ4. ರೈಜೆನ್ 5 5600, 5600ಜಿ ಇಂಥವು ಇದಕ್ಕೆ. ಹೊಸದು 2022ರಲ್ಲಿ ಬಂದ ಎಎಂ5. ರೈಜೆನ್ 7000, 8000ಜಿ, 9000 ಸರಣಿಗಳು ಇದಕ್ಕೆ. ಇಂಟೆಲ್‌ನಲ್ಲಿ ಎಲ್‌ಜಿಎ 1700 ಸಾಕೆಟ್ 12, 13, 14ನೇ ತಲೆಮಾರಿನ ಪ್ರೊಸೆಸರ್‌ಗಳಿಗೆ. 2024ರ ಅಕ್ಟೋಬರಿನಲ್ಲಿ ಬಂದ ಎಲ್‌ಜಿಎ 1851 ಸಾಕೆಟ್ ಕೋರ್ ಅಲ್ಟ್ರಾ 200 ಸರಣಿಗೆ.

ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸಿ ಅದೇ ಬೋರ್ಡು ಇಟ್ಟುಕೊಳ್ಳಬೇಕು ಅನ್ನುವವರಿಗೆ ಎಎಂ5 ಒಳ್ಳೆಯದು. ಈ ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಈ ಮಾತನ್ನು ನಂಬಲು ಕಾರಣವೂ ಇದೆ. 2017ರಲ್ಲಿ ಮೊದಲ ರೈಜೆನ್ ಜೊತೆ ಎಎಂ4 ಬೋರ್ಡು ಕೊಂಡ ಎಷ್ಟೋ ಜನ, 2022ರಲ್ಲಿ ಬಂದ 5800ಎಕ್ಸ್3ಡಿಯನ್ನು ಅದೇ ಬೋರ್ಡಿನಲ್ಲಿ ಕೂರಿಸಿದರು. ಬಯೋಸ್ (ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ದಷ್ಟೇ ಕೆಲಸ. ಇಂಟೆಲ್ ಅಷ್ಟು ಕಾಲ ಒಂದೇ ಸಾಕೆಟ್ ಇಟ್ಟುಕೊಂಡದ್ದು ಕಡಿಮೆ.

ಸಾಕೆಟ್ ಹೊಂದಿದರೆ ಸಾಕಲ್ವಾ?

ಸಾಲದು. ಹೊಸಬರು ಎಡವುವುದು ಇಲ್ಲೇ.

ಇಂಟೆಲ್‌ನ ಎಲ್‌ಜಿಎ 1151 ಇದಕ್ಕೆ ಒಳ್ಳೆಯ ಉದಾಹರಣೆ. 6, 7ನೇ ತಲೆಮಾರಿನ ಪ್ರೊಸೆಸರಿಗೂ ಅದೇ ಹೆಸರಿನ ಸಾಕೆಟ್, 8, 9ನೇ ತಲೆಮಾರಿಗೂ ಅದೇ. ಕೈಯಲ್ಲಿ ಹಿಡಿದರೆ ಒಂದೇ ಥರ ಕಾಣುತ್ತವೆ, ಕೂರುತ್ತವೆ ಕೂಡ. ಆದರೆ ಹಳೆಯ 100, 200 ಸರಣಿಯ ಬೋರ್ಡಿನಲ್ಲಿ 8ನೇ ತಲೆಮಾರಿನ ಪ್ರೊಸೆಸರ್ ಹಾಕಿದರೆ ಪಿಸಿ ಆನ್ ಆಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಬೋರ್ಡು ಹುಡುಕುವವರು ಇದನ್ನು ನೆನಪಿಡಿ.

ಎರಡನೇ ತೊಡಕು ಬಯೋಸ್‌ನದ್ದು. ಬೋರ್ಡು ತಯಾರಾದ ಮೇಲೆ ಬಂದ ಪ್ರೊಸೆಸರ್ ಯಾವುದು ಅಂತ ಅದರ ಹಳೆಯ ಬಯೋಸ್‌ಗೆ ಗೊತ್ತಿರುವುದಿಲ್ಲ. ಬಿ450 ಬೋರ್ಡಿಗೆ ರೈಜೆನ್ 5000 ಹಾಕುವಾಗ, 2022ರ ಬಿ650 ಬೋರ್ಡಿಗೆ 2024ರ ರೈಜೆನ್ 9000 ಹಾಕುವಾಗ, ಬಿ660 ಬೋರ್ಡಿಗೆ 14ನೇ ತಲೆಮಾರಿನ ಇಂಟೆಲ್ ಹಾಕುವಾಗ ಈ ತೊಂದರೆ ಬರಬಹುದು. ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಮಾನಿಟರ್ ಮಾತ್ರ ಕಪ್ಪಗೇ ಇರುತ್ತದೆ.

ಕೊಳ್ಳುವ ಮೊದಲು ಬೋರ್ಡು ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್‌ನ ‘ಸಪೋರ್ಟ್’ ಪುಟ ತೆರೆಯಿರಿ. ಅಲ್ಲಿ ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ. ಯಾವ ಪ್ರೊಸೆಸರಿಗೆ ಯಾವ ಬಯೋಸ್ ಆವೃತ್ತಿ ಬೇಕು ಅಂತ ಪಕ್ಕದಲ್ಲೇ ಬರೆದಿರುತ್ತಾರೆ. ಪಿಸಿ ಪಾರ್ಟ್ ಪಿಕ್ಕರ್ ಥರದ ತಾಣಗಳು ಒಂದು ಅಂದಾಜಿಗೆ ಚೆನ್ನಾಗಿವೆ, ಆದರೆ ಕೊನೆಯ ಮಾತು ಈ ಪಟ್ಟಿಯದ್ದೇ.

ಬಯೋಸ್ ಅಪ್‌ಡೇಟ್ ಮಾಡಲು ಹಳೆಯ ಪ್ರೊಸೆಸರ್ ಬೇಕಾ?

ಬಯೋಸ್ ಫ್ಲ್ಯಾಶ್‌ಬ್ಯಾಕ್ ಸೌಲಭ್ಯ ಇದ್ದರೆ ಬೇಡ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಕೆಲಸ ಒಂದೇ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲನ್ನು ಕಂಪನಿ ಹೇಳಿದ ಹೆಸರಿನಲ್ಲಿ ಅದಕ್ಕೆ ಹಾಕಿ. ಗುರುತು ಮಾಡಿರುವ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ. ಎಸ್‌ಎಂಪಿಎಸ್‌ನ (ಪಿಸಿಗೆ ಕರೆಂಟ್ ಕೊಡುವ ಡಬ್ಬ) 24 ಪಿನ್ ಮತ್ತು 8 ಪಿನ್ ವೈರು ಜೋಡಿಸಿ, ಬೋರ್ಡಿನ ಮೇಲಿನ ಫ್ಲ್ಯಾಶ್‌ಬ್ಯಾಕ್ ಗುಂಡಿ ಒತ್ತಿ. ದೀಪ ಮಿಣುಕುತ್ತಾ ಇರುತ್ತದೆ, ಅದು ನಿಲ್ಲುವವರೆಗೆ ಮುಟ್ಟಬೇಡಿ. ಪ್ರೊಸೆಸರೂ ಬೇಡ, ರ್ಯಾಮೂ ಬೇಡ. ಈ ಗುಂಡಿ ಇಲ್ಲದ ಬೋರ್ಡಾದರೆ ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ.

ನಡುವೆ ಕರೆಂಟ್ ಹೋದರೆ ಬೋರ್ಡು ಕೆಟ್ಟುಹೋಗುವ ಸಾಧ್ಯತೆ ಇದೆ. ಯುಪಿಎಸ್ ಇದ್ದರೆ ಅದಕ್ಕೇ ಜೋಡಿಸಿ. ಮಳೆ ಗುಡುಗಿನ ಸಂಜೆ ಈ ಕೆಲಸಕ್ಕೆ ಕೂರಬೇಡಿ.

ಪಿಸಿ ಓಡುತ್ತಿದ್ದರೂ ಕೆಲವು ಅಪ್‌ಡೇಟ್ ಬಿಡುವಂತಿಲ್ಲ. ಇಂಟೆಲ್‌ನ 13, 14ನೇ ತಲೆಮಾರಿನ ಹೆಚ್ಚು ವಿದ್ಯುತ್ ಎಳೆಯುವ ಪ್ರೊಸೆಸರ್‌ಗಳು ಅತಿ ವೋಲ್ಟೇಜಿನಿಂದ ನಿಧಾನವಾಗಿ ಹಾಳಾಗುವುದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಅದಕ್ಕೆ ತಿದ್ದುಪಡಿ ಬಂದದ್ದು ಬಯೋಸ್ ಮೂಲಕ. ಈಗಾಗಲೇ ಹಾಳಾದ ಪ್ರೊಸೆಸರನ್ನು ಅದು ಸರಿಮಾಡುವುದಿಲ್ಲ. ಹಾಗಾಗಿ ಇವನ್ನು ಕೊಂಡವರು ಮೊದಲ ದಿನವೇ ಹೊಸ ಬಯೋಸ್ ಹಾಕಬೇಕು. ಎಎಂಡಿಗೂ 2023ರಲ್ಲಿ ಇಂಥದ್ದೇ ಪೆಟ್ಟು ಬಿತ್ತು. ಕೆಲವು 7000ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲೇ ಸುಟ್ಟವು. ಆಮೇಲೆ ಬಂದ ಬಯೋಸ್‌ಗಳಲ್ಲಿ ಎಸ್‌ಒಸಿ (ಪ್ರೊಸೆಸರಿನೊಳಗಿನ ಒಂದು ಭಾಗ) ವೋಲ್ಟೇಜನ್ನು 1.3 ವೋಲ್ಟಿಗೆ ಮಿತಿಗೊಳಿಸಿದರು.

ಬಿ, ಎಕ್ಸ್, ಝಡ್, ಎಚ್, ಎ: ಈ ಅಕ್ಷರಗಳ ಅರ್ಥ ಏನು?

ಇವು ಚಿಪ್‌ಸೆಟ್‌ನ, ಅಂದರೆ ಬೋರ್ಡಿನಲ್ಲಿ ಯಾವ ಸೌಲಭ್ಯ ಸಿಗುತ್ತದೆ ಅಂತ ತೀರ್ಮಾನಿಸುವ ಚಿಪ್‌ನ, ದರ್ಜೆಗಳು. ಇಂಟೆಲ್‌ನಲ್ಲಿ ಎಚ್610 ಕೆಳಗಿನದು, ಬಿ760 ನಡುವಿನದು, ಝಡ್790 ಮೇಲಿನದು. ಎಎಂಡಿಯಲ್ಲಿ ಎ620, ಬಿ650 ಅಥವಾ ಬಿ850, ಆಮೇಲೆ ಎಕ್ಸ್670, ಎಕ್ಸ್870.

ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಬೇಕಾದರೆ (ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸಬೇಕಾದರೆ) ಇಂಟೆಲ್‌ನಲ್ಲಿ ಝಡ್ ಬೋರ್ಡೇ ಬೇಕು, ಜೊತೆಗೆ ‘ಕೆ’ ಅಕ್ಷರದ ಪ್ರೊಸೆಸರ್. ಎಎಂಡಿ ಈ ವಿಷಯದಲ್ಲಿ ಉದಾರಿ, ಬಿ ದರ್ಜೆಯ ಬೋರ್ಡಿನಲ್ಲೂ ಬಿಡುತ್ತದೆ. ಹೆಚ್ಚಿನ ಹೊಸಬರಿಗೆ ಬಿ ದರ್ಜೆ ಸಾಕು. ಐ5-12400ಎಫ್‌ಗೆ ಝಡ್790 ಬೋರ್ಡು ಹಾಕುವುದು ಸುಮ್ನೆ ದುಡ್ಡು ಚೆಲ್ಲಿದ ಹಾಗೆ, ಏಕೆಂದರೆ ಆ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು ಇಂಟೆಲ್ ಅವಕಾಶವನ್ನೇ ಕೊಟ್ಟಿಲ್ಲ.

ಎಚ್610 ತಗೊಳ್ಳಬಾರದು ಅಂತೇನಿಲ್ಲ. ಬಜೆಟ್ ತೀರಾ ಬಿಗಿಯಾಗಿದ್ದರೆ 12400ಎಫ್‌ಗೆ ಅದೇ ನಡೆಯುತ್ತದೆ. ಎರಡೇ ರ್ಯಾಮ್ ಸ್ಲಾಟು, ಕಡಿಮೆ ಪೋರ್ಟು ಅಂತ ಗೊತ್ತಿದ್ದು ಕೊಳ್ಳಿ.

ಡಿಡಿಆರ್4 ಅಥವಾ ಡಿಡಿಆರ್5? ಎರಡನ್ನೂ ಒಂದೇ ಬೋರ್ಡಿಗೆ ಹಾಕಬಹುದಾ?

ಆಗುವುದಿಲ್ಲ. ಇವು ರ್ಯಾಮಿನ ಹಳೆಯ ಮತ್ತು ಹೊಸ ತಲೆಮಾರುಗಳು, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಎರಡಕ್ಕೂ 288 ಪಿನ್, ಆದರೆ ನಡುವಿನ ಸೀಳು ಬೇರೆ ಬೇರೆ ಕಡೆ ಇದೆ. ಕೂರದಿದ್ದಾಗ ಬಲ ಹಾಕಬೇಡಿ.

ಎಎಂ4 ಅಂದರೆ ಡಿಡಿಆರ್4 ಮಾತ್ರ. ಎಎಂ5 ಮತ್ತು ಎಲ್‌ಜಿಎ 1851 ಅಂದರೆ ಡಿಡಿಆರ್5 ಮಾತ್ರ. ಗೊಂದಲ ಇರುವುದು ಎಲ್‌ಜಿಎ 1700ರಲ್ಲಿ. ಒಂದೇ ಬಿ760 ಚಿಪ್‌ಸೆಟ್, ಹೆಚ್ಚುಕಡಿಮೆ ಒಂದೇ ಹೆಸರು, ಆದರೆ ಒಂದು ಬೋರ್ಡು ಡಿಡಿಆರ್4, ಇನ್ನೊಂದು ಡಿಡಿಆರ್5. ಹೆಸರಿನ ಕೊನೆಯಲ್ಲಿ ‘ಡಿ4’ ಅಥವಾ ‘ಡಿಡಿಆರ್4’ ಇದೆಯಾ ಅಂತ ನೋಡಿ. ಆನ್‌ಲೈನ್ ಆರ್ಡರ್ ಮಾಡುವಾಗ ಇದನ್ನು ಎರಡು ಸಲ ಓದಿ.

ರ್ಯಾಮ್ ಬೆಲೆ ಏರಿಳಿಯುತ್ತಲೇ ಇರುತ್ತದೆ. ಆದ್ದರಿಂದ ಬೋರ್ಡು ಮತ್ತು ರ್ಯಾಮ್ ಎರಡರ ಬೆಲೆಯನ್ನು ಕೂಡಿಸಿ ಹೋಲಿಸಿ. ಬೋರ್ಡು ಅಗ್ಗವಾಗಿ ಸಿಕ್ಕಿತು ಅಂತ ಖುಷಿಪಟ್ಟು ರ್ಯಾಮಿಗೆ ಎರಡು ಪಟ್ಟು ಕೊಡುವವರಿದ್ದಾರೆ.

ನಾಲ್ಕು ರ್ಯಾಮ್ ಸ್ಲಾಟು ಬೇಕೇ ಬೇಕಾ? ಎರಡು ಸ್ಟಿಕ್ಕನ್ನು ಎಲ್ಲಿ ಹಾಕಬೇಕು?

ಎರಡು ಸ್ಲಾಟು ಇದ್ದರೂ ತೊಂದರೆಯಿಲ್ಲ. 16 ಜಿಬಿಯ ಒಂದು ಸ್ಟಿಕ್ ಬದಲು 8 ಜಿಬಿಯ ಎರಡು, ಅಥವಾ 16 ಜಿಬಿಯ ಎರಡು ಹಾಕಿ. ಒಂದೇ ಸ್ಟಿಕ್ಕಿನಲ್ಲಿ ಡ್ಯುಯಲ್ ಚಾನೆಲ್ (ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಹೋಗುವುದು) ಸಿಗುವುದಿಲ್ಲ, ಆಟಗಳಲ್ಲಿ ಅದರ ಪೆಟ್ಟು ಕಾಣಿಸುತ್ತದೆ. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೆಯದಕ್ಕೆ ಹಾಕಬೇಕು.

ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟು ತುಂಬಿಸಿದರೆ ವೇಗ ಕುಸಿಯುತ್ತದೆ. ರೈಜೆನ್ 7000 ಸರಣಿಯಲ್ಲಿ ನಾಲ್ಕು ಸ್ಟಿಕ್ಕಿಗೆ ಎಎಂಡಿ ಅಧಿಕೃತವಾಗಿ ಕೊಡುವ ವೇಗ 3600 ಅಷ್ಟೇ. ‘ಈಗ ಎರಡು, ಮುಂದಿನ ವರ್ಷ ಇನ್ನೆರಡು’ ಅನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ. ಬೇಕಾದಷ್ಟನ್ನು ಎರಡೇ ಸ್ಟಿಕ್ಕಿನಲ್ಲಿ ತಗೊಳ್ಳಿ.

ಇನ್ನೊಂದು ಮಾತು. 6000 ವೇಗದ ರ್ಯಾಮ್ ಕೊಂಡು ಹಾಕಿದ ಮಾತ್ರಕ್ಕೆ ಅದು 6000ದಲ್ಲಿ ಓಡುವುದಿಲ್ಲ. ಬಯೋಸ್‌ಗೆ ಹೋಗಿ ಇಂಟೆಲ್‌ನಲ್ಲಿ ಎಕ್ಸ್‌ಎಂಪಿ, ಎಎಂಡಿಯಲ್ಲಿ ಎಕ್ಸ್‌ಪೋ ಅನ್ನುವ ಸೆಟ್ಟಿಂಗ್ ಆನ್ ಮಾಡಬೇಕು.

ಎಲ್ಲ ಸರಿಯಾಗಿ ಜೋಡಿಸಿದೆ. ಮೊದಲ ಸಲ ಆನ್ ಮಾಡಿದಾಗ ಏನೂ ಬರುತ್ತಿಲ್ಲ. ಕೆಟ್ಟುಹೋಯ್ತಾ?

ಎಎಂ5 ಆಗಿದ್ದರೆ ಗಾಬರಿ ಬೇಡ, ಕೆಲವು ನಿಮಿಷ ಕಾಯಿರಿ. ಬೋರ್ಡು ಹೊಸ ರ್ಯಾಮಿಗೆ ತನ್ನನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಆಗ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿನಿಂದ ಶುರು.

ಆಮೇಲೂ ಬರದಿದ್ದರೆ ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಅದು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು, ಬೋರ್ಡಿಗಲ್ಲ. ಬೋರ್ಡಿನಲ್ಲಿ ಎಚ್‌ಡಿಎಂಐ ಪೋರ್ಟು ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಅಂತಲ್ಲ. 12400ಎಫ್, 7500ಎಫ್ ಥರ ಹೆಸರಿನಲ್ಲಿ ‘ಎಫ್’ ಇರುವ ಪ್ರೊಸೆಸರ್‌ಗಳಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ರೈಜೆನ್ 5 5600 ಹೆಸರಿನಲ್ಲಿ ಎಫ್ ಇಲ್ಲ, ಆದರೂ ಗ್ರಾಫಿಕ್ಸ್ ಇಲ್ಲ. ಕಾರ್ಡನ್ನು ಆಮೇಲೆ ಕೊಳ್ಳುತ್ತೇನೆ ಅನ್ನುವವರು 5600ಜಿ, 8600ಜಿ ಥರದ್ದನ್ನು ನೋಡಿ.

ಎಟಿಎಕ್ಸ್, ಮೈಕ್ರೋ ಎಟಿಎಕ್ಸ್, ಮಿನಿ ಐಟಿಎಕ್ಸ್: ಯಾವ ಅಳತೆ?

ಎಟಿಎಕ್ಸ್ 305×244 ಮಿ.ಮೀ., ಮೈಕ್ರೋ 244×244, ಮಿನಿ 170×170. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಚಿಕ್ಕ ಬೋರ್ಡು ಕೂರುತ್ತದೆ, ಉಲ್ಟಾ ಆಗುವುದಿಲ್ಲ. ಹೆಸರಿನಲ್ಲಿ ಸಂಖ್ಯೆಯ ಪಕ್ಕ ‘ಎಂ’ ಇದ್ದರೆ, ಉದಾಹರಣೆಗೆ ಬಿ760ಎಂ, ಅದು ಮೈಕ್ರೋ. ‘ಐ’ ಇದ್ದರೆ ಮಿನಿ. ಮೊದಲ ಪಿಸಿಗೆ ಮೈಕ್ರೋ ಎಟಿಎಕ್ಸ್ ಸರಿ. ಮಿನಿ ನೋಡಲು ಮುದ್ದಾಗಿದೆ, ಆದರೆ ಬೆಲೆ ಜಾಸ್ತಿ, ಒಳಗೆ ಕೈ ಹೋಗುವುದೂ ಕಷ್ಟ.

ಯಾವ ಗ್ರಾಫಿಕ್ಸ್ ಕಾರ್ಡ್ ಬೇಕಾದರೂ ಯಾವ ಬೋರ್ಡಿಗಾದರೂ ಹಾಕಬಹುದಾ?

ಬಹುಮಟ್ಟಿಗೆ ಹೌದು. ಕಾರ್ಡು ಕೂರುವ ಸ್ಲಾಟಿನ ಮಾದರಿಗೆ ಪಿಸಿಐಇ ಅಂತ ಹೆಸರು, ಪಕ್ಕದ ಸಂಖ್ಯೆ ಅದರ ತಲೆಮಾರು. ಪಿಸಿಐಇ 5ರ ಕಾರ್ಡು ಪಿಸಿಐಇ 3ರ ಸ್ಲಾಟಿನಲ್ಲೂ ಓಡುತ್ತದೆ. ಉದ್ದದ ಸ್ಲಾಟುಗಳಲ್ಲಿ ಮೇಲಿನದಕ್ಕೇ, ಅಂದರೆ ಪ್ರೊಸೆಸರಿಗೆ ಹತ್ತಿರದ್ದಕ್ಕೇ ಹಾಕಿ. ಕೆಳಗಿನದು ನೋಡಲು ಅಷ್ಟೇ ಉದ್ದ ಇದ್ದರೂ ಒಳಗೆ ಲೇನ್‌ಗಳು, ಅಂದರೆ ಡೇಟಾ ಓಡುವ ದಾರಿಗಳು, ಕಡಿಮೆ.

ಒಂದು ಅಪವಾದ ಇದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಲೇನ್. ಅದನ್ನು ಬಿ450, ಎ520 ಥರದ ಪಿಸಿಐಇ 3 ಬೋರ್ಡಿಗೆ ಹಾಕಿದರೆ ವೇಗ ಚೆನ್ನಾಗಿಯೇ ಬೀಳುತ್ತದೆ. ಆರ್‌ಟಿಎಕ್ಸ್ 4060 ಎಂಟು ಲೇನಿನ ಕಾರ್ಡು, ಅದಕ್ಕೆ ಪೆಟ್ಟು ಕಡಿಮೆ. ಬೋರ್ಡು ಪಿಸಿಐಇ 4 ಇದ್ದು ಪ್ರೊಸೆಸರ್ ಪಿಸಿಐಇ 3 ಆಗಿದ್ದರೂ ಇದೇ ಕಥೆ. ರೈಜೆನ್ 5 5500, 5600ಜಿ ಎರಡೂ ಪಿಸಿಐಇ 3ರವು.

ವಿಆರ್‌ಎಂ ಅಂತ ಎಲ್ಲರೂ ಹೇಳ್ತಾರೆ. ನಾನು ಅದನ್ನು ನೋಡಬೇಕಾ?

ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವ ಭಾಗವೇ ವಿಆರ್‌ಎಂ. 65 ವಾಟಿನ ಆರು ಕೋರ್ ಪ್ರೊಸೆಸರಿಗೆ ಸಾಧಾರಣ ಬೋರ್ಡಿನದ್ದೂ ಸಾಕು. ಐ7, ಐ9, ರೈಜೆನ್ 9 ಹಾಕುವವರು ಮಾತ್ರ ನೋಡಲೇಬೇಕು. ವಿಆರ್‌ಎಂ ಬಿಸಿಯಾದರೆ ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕೋಣೆಯಲ್ಲಿ ಆಡುವವರಿಗೆ ಇದು ಬೇಗ ಗೊತ್ತಾಗುತ್ತದೆ. ಏನಿಲ್ಲವೆಂದರೂ ವಿಆರ್‌ಎಂ ಮೇಲೆ ಲೋಹದ ಹೀಟ್‌ಸಿಂಕ್ ಇರುವ ಬೋರ್ಡು ತಗೊಳ್ಳಿ.

ಎಂ.2 ಸ್ಲಾಟು ಎಷ್ಟಿರಬೇಕು?

ಎಸ್‌ಎಸ್‌ಡಿ ನೇರವಾಗಿ ಬೋರ್ಡಿಗೆ ಕೂರುವ ಜಾಗ ಇದು. ಎರಡು ಇದ್ದರೆ ನೆಮ್ಮದಿ. ಕೊಳ್ಳುವ ಎಸ್‌ಎಸ್‌ಡಿ ಎನ್‌ವಿಎಂಇ ಅನ್ನುವ ವೇಗದ ಬಗೆಯದ್ದಾಗಿರಲಿ. ಎಂ.2 ಆಕಾರದಲ್ಲೇ ನಿಧಾನದ ಸಾಟಾ ಎಸ್‌ಎಸ್‌ಡಿಗಳೂ ಬರುತ್ತವೆ, ಅವನ್ನು ಕೆಲವು ಸ್ಲಾಟುಗಳು ಒಪ್ಪುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಎರಡನೇ ಎಂ.2 ತುಂಬಿಸಿದರೆ ಒಂದೆರಡು ಸಾಟಾ ಪೋರ್ಟು ಬಂದ್ ಆಗುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ಕಾಣುತ್ತಿಲ್ಲ ಅಂದರೆ ಮೊದಲು ಮ್ಯಾನ್ಯುಯಲ್‌ನಲ್ಲಿ ಇದನ್ನು ನೋಡಿ.

ವೈಫೈ ಇರುವ ಬೋರ್ಡೇ ತಗೊಳ್ಳಬೇಕಾ?

ರೌಟರಿನಿಂದ ಕೇಬಲ್ ಎಳೆಯಲು ಆಗುವುದಾದರೆ ಬೇಡ, ಆನ್‌ಲೈನ್ ಆಟಕ್ಕೆ ಕೇಬಲ್ಲೇ ಮೇಲು. ಆಗದಿದ್ದರೆ ಹೆಸರಿನಲ್ಲಿ ‘ವೈಫೈ’ ಅಂತ ಇರುವುದನ್ನೇ ಹುಡುಕಿ, ಬ್ಲೂಟೂತ್ ಕೂಡ ಅದರಲ್ಲೇ ಬರುತ್ತದೆ. ಅಗ್ಗದ ಬೋರ್ಡುಗಳಲ್ಲಿ ಎರಡೂ ಇರುವುದಿಲ್ಲ.

ಕ್ಯಾಬಿನೆಟ್ಟಿನ ಬಣ್ಣದ ಫ್ಯಾನು, ಮುಂದಿನ ಯುಎಸ್‌ಬಿ ಇವೆಲ್ಲ ಹೊಂದುತ್ತವಾ?

ನೋಡಿಕೊಳ್ಳಬೇಕು. ಎಆರ್‌ಜಿಬಿ ಫ್ಯಾನಿನ ದೀಪಕ್ಕೆ 3 ಪಿನ್, 5 ವೋಲ್ಟ್. ಹಳೆಯ ಆರ್‌ಜಿಬಿಗೆ 4 ಪಿನ್, 12 ವೋಲ್ಟ್. 5 ವೋಲ್ಟಿನದ್ದನ್ನು 12ಕ್ಕೆ ತುರುಕಿದರೆ ದೀಪ ಅಲ್ಲೇ ಸುಡುತ್ತದೆ. ಕ್ಯಾಬಿನೆಟ್ಟಿನ ಮುಂದೆ ಟೈಪ್ ಸಿ ಪೋರ್ಟು ಇದ್ದರೆ ಅದಕ್ಕೆ ಬೋರ್ಡಿನಲ್ಲಿ ಪ್ರತ್ಯೇಕ ಕನೆಕ್ಟರ್ ಬೇಕು. ಇಲ್ಲದಿದ್ದರೆ ಆ ಪೋರ್ಟು ಬರೀ ತೋರಿಕೆಗೆ.

ಹಳೆಯ ಕೂಲರ್ ಹೊಸ ಬೋರ್ಡಿಗೆ ಆಗುತ್ತಾ?

ಎಎಂ4ರ ಬಹುತೇಕ ಕೂಲರ್‌ಗಳು ಎಎಂ5ಕ್ಕೆ ಆಗುತ್ತವೆ. ಆದರೆ ತನ್ನದೇ ಬ್ಯಾಕ್‌ಪ್ಲೇಟ್ (ಬೋರ್ಡಿನ ಹಿಂಬದಿಗೆ ಕೂರುವ ತಗಡು) ಬೇಡುವ ಕೂಲರ್ ಆಗುವುದಿಲ್ಲ, ಏಕೆಂದರೆ ಎಎಂ5ರಲ್ಲಿ ಬೋರ್ಡಿನ ಬ್ಯಾಕ್‌ಪ್ಲೇಟ್ ಬಿಚ್ಚುವಂತಿಲ್ಲ. ಇಂಟೆಲ್‌ನಲ್ಲಿ ಎಲ್‌ಜಿಎ 1200ರಿಂದ 1700ಕ್ಕೆ ಬಂದಾಗ ತೂತುಗಳ ಅಂತರ 75ರಿಂದ 78 ಮಿ.ಮೀ. ಆಯಿತು, ಹಾಗಾಗಿ ಹೊಸ ಬ್ರ್ಯಾಕೆಟ್ ಬೇಕು. 1700ರಿಂದ 1851ಕ್ಕೆ ಆ ತೊಂದರೆ ಇಲ್ಲ.

ವಾಲೊರೆಂಟ್ ಆಡಲು ಟಿಪಿಎಂ ಬೇಕಂತೆ. ಬೋರ್ಡಿನಲ್ಲಿ ಇರುತ್ತಾ?

ಟಿಪಿಎಂ ಅಂದರೆ ಪಿಸಿಯ ಭದ್ರತೆಗೆ ಇರುವ ಸೌಲಭ್ಯ. ಮೇಲೆ ಹೇಳಿದ ನಾಲ್ಕೂ ಸಾಕೆಟ್ಟಿನ ಹೊಸ ಬೋರ್ಡುಗಳಲ್ಲಿ ಇರುತ್ತದೆ, ಬೇರೆ ಚಿಪ್ ಕೊಳ್ಳುವುದು ಬೇಡ. ವಿಂಡೋಸ್ 11ರಲ್ಲಿ ಆ ಆಟಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಇರಬೇಕು. ಬಯೋಸ್‌ನಲ್ಲಿ ಎಎಂಡಿ ಇದನ್ನು ಎಫ್‌ಟಿಪಿಎಂ ಅಂತಲೂ ಇಂಟೆಲ್ ಪಿಟಿಟಿ ಅಂತಲೂ ಕರೆಯುತ್ತದೆ.

ಎಸ್‌ಪಿ ರೋಡಿನಲ್ಲಿ ಕೊಳ್ಳಲಾ, ಆನ್‌ಲೈನಾ, ಅಮೆರಿಕದಿಂದ ಬರುವ ನೆಂಟರ ಹತ್ತಿರ ತರಿಸಲಾ?

ಬೆಂಗಳೂರಿನವರಾದರೆ ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಒಮ್ಮೆ ಹೋಗಿ ಬನ್ನಿ. ಬೋರ್ಡು, ಪ್ರೊಸೆಸರ್, ರ್ಯಾಮ್ ಮೂರನ್ನೂ ಒಂದೇ ಕಡೆ ತಗೊಂಡರೆ ಚೌಕಾಸಿಗೆ ಜಾಗ ಇರುತ್ತದೆ. ಹೊಂದದಿದ್ದರೆ ಕೇಳಲು ಒಬ್ಬರೇ ಸಿಗುತ್ತಾರೆ. ಆನ್‌ಲೈನ್ ಬೆಲೆ ತೋರಿಸಿ ಕೇಳಿ. ಅವರು ಹೇಳಿದ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೀನಿ ಅಂದರೆ ಬೇಡ ಅನ್ನಿ. ನಾಳೆ ಸರ್ವಿಸ್ ಸೆಂಟರಿನವರು ಕೇಳುವುದು ಆ ಬಿಲ್ಲನ್ನೇ.

ಹೊರದೇಶದಿಂದ ತರಿಸಿದ ಬೋರ್ಡಿಗೆ ಇಲ್ಲಿ ವಾರಂಟಿ ಸಿಗದೇ ಹೋಗಬಹುದು. ಕಂಪನಿಯ ನಿಯಮ ಓದಿ ಆಮೇಲೆ ನೆಂಟರಿಗೆ ಹೇಳಿ.

ಎಲ್ಲಿ ಕೊಂಡರೂ ಸಾಕೆಟ್ಟಿನ ಮೇಲಿನ ಮುಚ್ಚಳ ಸ್ವಲ್ಪ ತೆಗೆದು ಒಳಗೆ ನೋಡಿ. ಎಎಂ5 ಮತ್ತು ಇಂಟೆಲ್ ಬೋರ್ಡುಗಳಲ್ಲಿ ಪಿನ್ ಇರುವುದು ಬೋರ್ಡಿನಲ್ಲೇ. ಒಂದು ಬಾಗಿದ್ದರೂ ವಾರಂಟಿ ಸಾಮಾನ್ಯವಾಗಿ ನಡೆಯುವುದಿಲ್ಲ. ಅಂಗಡಿಯಲ್ಲೇ ಫೋಟೋ ತೆಗೆದುಕೊಳ್ಳಿ. ಆನ್‌ಲೈನ್ ಆದರೆ ಡಬ್ಬ ಬಿಚ್ಚುವಾಗ ವಿಡಿಯೋ ಮಾಡಿ.

ಪಿಸಿ ರೆಡಿ. ಬೋರ್ಡಿನ ಡಬ್ಬ ಎಸೆಯಲಾ?

ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿರಲಿ. ಸೀರಿಯಲ್ ನಂಬರಿನ ಸ್ಟಿಕ್ಕರ್ ಅದರ ಮೇಲಿರುತ್ತದೆ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನೂ ಅದರಲ್ಲೇ ಇಡಿ, ಬೋರ್ಡು ವಾಪಸ್ ಕಳಿಸುವಾಗ ಅದು ಬೇಕಾಗುತ್ತದೆ. ಎಂ.2 ಸ್ಲಾಟಿನ ಪುಟ್ಟ ಸ್ಕ್ರೂಗಳು ಉಳಿದಿದ್ದರೆ ಒಂದು ಸಣ್ಣ ಕವರಿಗೆ ಹಾಕಿ ಡಬ್ಬದೊಳಗೆ ಸೇರಿಸಿ. ಎರಡನೇ ಎಸ್‌ಎಸ್‌ಡಿ ತಂದ ದಿನ ಹುಡುಕಾಡುವುದು ಅವನ್ನೇ.